ಹದಿನಾಲ್ಕನೇ ಥಪ್ಪಿ ಮತ್ತು ಬಾಯಿಬಿಡದ ಪೆಟ್ಟಿಗೆ

ಆ ಶ್ರಾವಣ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ವಾಡಿಯಿಂದ ಶಹಾಬಾದಿಗೆ ಹೋಗುವ ರಸ್ತೆಯ ಎಡಗಡೆ, ನನ್ನ ಗೆಳೆಯ ಶರಣಪ್ಪನ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಕಾರ್ಖಾನೆಯ ಅಂಗಳದಲ್ಲಿ, ಬೇವಿನ ಗಿಡದಿಂದ ಎಂಟು ಹೆಜ್ಜೆ ದೂರದಲ್ಲಿ, ಕೈಯಲ್ಲಿ ನೀರಿನ ಪೈಪು ಹಿಡಿದು ನಿಂತಿದ್ದೆ. ಹೆಜ್ಜೆಗಳನ್ನು ಆಮೇಲೆ ಎಣಿಸಿದೆ. ಇಸವಿ ಎರಡು ಸಾವಿರದ ನಾಲ್ಕು. ಕಚೇರಿಯ ಗೋಡೆ ಗಡಿಯಾರ ಸರಿಯಾಗಿತ್ತು. ಆ ದಿನ ಸರಿಯಾಗಿದ್ದದ್ದು ಅದೊಂದೇ.

ಇಷ್ಟು ನಿಖರವಾಗಿ ಹೇಳಲು ಕಾರಣವಿದೆ. ಈ ಸಂಗತಿಯನ್ನು ಚಿತ್ತಾಪುರದಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಕೆಲವರ ಪ್ರಕಾರ ನಾನು ಕಂಪ್ಯೂಟರನ್ನೇ ನೀರು ಹೊಡೆದು ತೊಳೆದೆ. ಅದು ಸುಳ್ಳು. ನಾನು ತೊಳೆದದ್ದು ಕಲ್ಲುಗಳನ್ನು. ಕಂಪ್ಯೂಟರನ್ನು ತೊಳೆದಿದ್ದರೆ ಹಾನಿ ಕಡಿಮೆಯಾಗುತ್ತಿತ್ತು.

ನಾನು ಚಿತ್ತಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಹೆಸರು ಗುರುರಾಜ. ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಎಲ್ಲರೂ ಪಾಠ ಹೇಳಿಕೊಂಡು ಬಂದವರು. ಅದನ್ನು ಬಿಟ್ಟು ಬೇರೆ ಕೆಲಸಕ್ಕೆ ಕೈಹಾಕಿದಾಗೆಲ್ಲ ಇಂಥದೇ ಏನಾದರೂ ಆಗಿದೆ. ಆದರೆ ಆ ವರ್ಷ ನಾನು ಕಲಬುರಗಿಯಲ್ಲಿ ಹದಿನೈದು ದಿನದ ಕಂಪ್ಯೂಟರ್ ತರಬೇತಿ ಮುಗಿಸಿ ಬಂದಿದ್ದೆ. ಜೊತೆಗೆ ಒಂದು ಪತ್ರಿಕೆಯೊಂದಿಗೆ ಪುಕ್ಕಟೆ ಬಂದಿದ್ದ ನಾಲ್ಕು ಸಿ.ಡಿ.ಗಳಿದ್ದವು. ಮೂರರಲ್ಲಿ ಕಂಪ್ಯೂಟರನ್ನೇ ನಡೆಸುವ ಲಿನಕ್ಸ್. ನಾಲ್ಕನೆಯದರಲ್ಲಿ ವ್ಯಾಪಾರ ನಡೆಸುವ ತಂತ್ರಾಂಶ. ಮಾಲು ಎಷ್ಟಿದೆ, ಯಾರದು, ಯಾವಾಗ ಹೋಗಬೇಕು, ಎಲ್ಲವನ್ನೂ ಅದು ನೆನಪಿಡುತ್ತದೆ. ಅದರ ವಿಶೇಷವೆಂದರೆ ಅದು ಮುಕ್ತ ತಂತ್ರಾಂಶ. ಜಗತ್ತಿನ ಯಾರು ಬೇಕಾದರೂ ಅದರ ಒಳಗೆ ಇಣುಕಿ ನೋಡಬಹುದು, ತಿದ್ದಬಹುದು, ಹಂಚಬಹುದು. ಯಾರಿಗೂ ಬಾಗಿಲು ಮುಚ್ಚಿಲ್ಲ. ಈ ಮಾತನ್ನು ನಾನು ಶರಣಪ್ಪನಿಗೆ ಮೂರು ಸಲ ಹೇಳಿದೆ. ಆಮೇಲೆ ಅವನು ಅದನ್ನೇ ನನಗೆ ಮೂವತ್ತು ಸಲ ಹೇಳಿದ್ದಾನೆ.

ಶರಣಪ್ಪ ನನ್ನ ಜೊತೆ ಕಲಿತವನು. ಗಣಿಯಿಂದ ಫರ್ಸಿ ತಂದು, ಪಾಲಿಶ್ ಮಾಡಿ, ಅಂಗಳದಲ್ಲಿ ಒಂದರ ಮೇಲೊಂದು ಇಟ್ಟು ಥಪ್ಪಿ ಒಟ್ಟುತ್ತಿದ್ದ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಥಪ್ಪಿ. ಯಾವುದು ಯಾರದೆಂದು ತಿಳಿಯಲು ಅಲ್ಲಿಯ ಹಿರಿಯ ಮೇಸ್ತ್ರಿ ಮಸ್ತಾನ್‌ಸಾಬ್ ಪ್ರತಿ ಥಪ್ಪಿಯ ಮುಖದ ಮೇಲೆ ಸುಣ್ಣದಲ್ಲಿ ಹೆಸರು ಬರೆಯುತ್ತಿದ್ದರು. ಮೂವತ್ತು ವರ್ಷ ಆ ಕಾರ್ಖಾನೆ ಒಂದು ಡಬ್ಬಿ ಸುಣ್ಣದ ಮೇಲೆ ನಡೆದಿತ್ತು. ನನಗೆ ಇದು ಅವೈಜ್ಞಾನಿಕವೆನಿಸಿತು.

“ಶರಣಪ್ಪಾ, ಇದನ್ನೆಲ್ಲಾ ಸರ್ವರಿನಾಗ ಹಾಕೋಣು” ಎಂದೆ.

“ಹಾಕೋಪಾ. ಹೆಂಗೂ ಆ ಕಂಪ್ಯೂಟರ್ ಇಸ್ಪೀಟ್ ಆಡೂದು ಬಿಟ್ಟು ಬ್ಯಾರೆ ಏನೂ ಮಾಡವಲ್ದು.”

ಸರ್ವರ್ ಎಂದರೆ ಅವನ ಕಚೇರಿಯ ಮೂಲೆಯಲ್ಲಿದ್ದ ಅದೇ ಕಂಪ್ಯೂಟರು. ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ಪೆಟ್ಟಿಗೆ ಎನ್ನುತ್ತಿದ್ದರು. ಪಂಚಮಿಗೆ ಹತ್ತು ದಿನ ಮುಂಚೆ ನಾನು ಆ ಪೆಟ್ಟಿಗೆಯ ಮುಂದೆ ಕುಳಿತೆ. ಮೊದಲ ಸಿ.ಡಿ. ಹಾಕಿದಾಗ ಪರದೆ ಕಪ್ಪಾಗಿ, ಬಿಳಿ ಅಕ್ಷರಗಳು ಮೇಲಕ್ಕೆ ಓಡತೊಡಗಿದವು.

“ಕೆಟ್ಟಿತೇನ್ರಿ?” ಎಂದು ಮಸ್ತಾನ್‌ಸಾಬ್ ಕೇಳಿದರು.

“ಇಲ್ಲ. ಅದು ಕೆಲಸ ಮಾಡ್ಲಿಕತ್ತದ.”

“ಇಷ್ಟು ಗಡಿಬಿಡಿಲೆ?”

ಎರಡನೇ ಸಿ.ಡಿ.ಯ ಮೇಲೆ ಗೀರು ಬಿದ್ದಿತ್ತು. ಅದನ್ನು ಧೋತರದ ಚುಂಗಿನಿಂದ ಒರೆಸಿ ನಾಲ್ಕು ಸಲ ಹಾಕಿದೆ, ಐದನೆಯ ಸಲ ಒಪ್ಪಿಕೊಂಡಿತು. ನಡುವೆ ಅದು ಕೇಳಿದ ಪ್ರಶ್ನೆಗಳಿಗೆಲ್ಲ ಹೌದು ಎಂದೆ. ಒಂದು ಪ್ರಶ್ನೆಗೆ ಹೌದು ಎಂದದ್ದರಿಂದ ಶರಣಪ್ಪನ ಮಗಳ ಹುಟ್ಟುಹಬ್ಬದ ಫೋಟೋಗಳೂ ಇಸ್ಪೀಟಿನ ಆಟವೂ ಹೋದವೆಂದು ಮರುದಿನ ಗೊತ್ತಾಯಿತು. ಇಸ್ಪೀಟಿಗೆ ಅವನು ಹೆಚ್ಚು ನೊಂದುಕೊಂಡ.

ಕೊನೆಗೆ ಪೆಟ್ಟಿಗೆ ಒಂದು ಗುಪ್ತಪದ ಕೇಳಿತು. ಇದು ಯಜಮಾನನ ಕೀಲಿಕೈ. ಇದಿಲ್ಲದೆ ಯಾರೂ ಒಳಗೆ ಹೋಗುವಂತಿಲ್ಲ. ತರಬೇತಿಯಲ್ಲಿ ಇದರ ಬಗ್ಗೆಯೇ ಅರ್ಧ ದಿನ ಪಾಠವಾಗಿತ್ತು. ನಾನು ಎದ್ದು ನಿಂತು ಅದನ್ನು ಪುನಃ ಹೇಳಿದೆ.

“ನೋಡು ಶರಣಪ್ಪಾ, ಇದು ನಿನ್ನ ಇಷ್ಟಲಿಂಗ ಇದ್ದಂಗ. ಇನ್ನೊಬ್ಬರ ಕೈಗೆ ಕೊಡೂದಲ್ಲ. ನನಗೂ ಹೇಳಬ್ಯಾಡ.”

“ಹಂಗಂದ್ರ ನನಗೂ ಬ್ಯಾಡಪಾ. ನನ್ನ ಬಾಯಾಗ ಮಾತು ನಿಲ್ಲೂದಿಲ್ಲ, ವಾಡಿ ಸ್ಟೇಷನ್‌ನಾಗ ಕೇಳಿದ್ರೂ ಹೇಳಿಬಿಡ್ತೀನಿ. ಆಕಿಗಿ ಹಚ್ಚು.”

ಆಕೆ ಎಂದರೆ ಅವನ ಹೆಂಡತಿ ಗೌರಮ್ಮ. ಕಚೇರಿಯ ಹಿಂದೆಯೇ ಮನೆ. ಪಿಯುಸಿ ಓದಿದವರು, ಇಂಗ್ಲಿಷ್ ಟೈಪಿಂಗ್ ಪರೀಕ್ಷೆ ಪಾಸಾದವರು. ನಾನು ಅವರನ್ನು ವೈನಿ, ಎಂದರೆ ಅತ್ತಿಗೆ, ಎನ್ನುತ್ತೇನೆ. ಅವರು ಕೈ ಒರೆಸಿಕೊಂಡು ಬಂದು ಕುಳಿತರು.

“ಏನ್ ಹೊಡೀಲ್ರಿ ಮಾಸ್ತರ್?”

“ನಿಮಗ ಎಂದೂ ಮರೀಲಾರದ್ದು. ಬ್ಯಾರೆಯವರ ಮುಂದ ಎಂದೂ ಹೇಳಲಾರದ್ದು. ಉದ್ದ ಇದ್ದಷ್ಟೂ ಛಲೋ.”

ವೈನಿ ಸ್ವಲ್ಪ ಯೋಚಿಸಿದರು. ನಾನು ಗೋಡೆಗೆ ಮುಖ ಮಾಡಿ ನಿಂತೆ. ಕೀಲಿಗಳ ಸದ್ದು ಶುರುವಾಯಿತು, ನಿಲ್ಲಲಿಲ್ಲ. ಎದುರಿಗಿದ್ದ ಕ್ಯಾಲೆಂಡರಿನ ಆ ತಿಂಗಳನ್ನು ನಾನು ತಿಥಿ ಸಹಿತ ಪೂರ್ತಿ ಓದಿದೆ.

“ಏನೂ ಕಾಣವಲ್ದಲ್ರಿ?”

“ಕಾಣಬಾರದು ವೈನಿ. ಅದೇ ಅದರ ಗುಣ.”

“ಬರದದ್ದು ಕಾಣಬಾರದಾ?” ಎಂದರು ಬಾಗಿಲಲ್ಲಿದ್ದ ಮಸ್ತಾನ್‌ಸಾಬ್. “ಹಂಗಿದ್ರ ಬರಿಯೂದ್ಯಾಕ?”

ವಿಜ್ಞಾನದ ಮುಂದೆ ಇಂಥ ಪ್ರಶ್ನೆಗಳು ಬರುತ್ತವೆ. ಪೆಟ್ಟಿಗೆ ಖಾತ್ರಿಗಾಗಿ ಅದನ್ನೇ ಇನ್ನೊಮ್ಮೆ ಹೊಡೆಯಲು ಹೇಳಿತು. ನಾನು ಮುಂದಿನ ತಿಂಗಳನ್ನೂ ಓದಿದೆ.

ಆಮೇಲಿನ ದಿನಗಳಲ್ಲಿ ಸುಧಾರಣೆ ಭರದಿಂದ ನಡೆಯಿತು. ಅಡ್ಡಾದಿಡ್ಡಿ ನಿಂತಿದ್ದ ಇಪ್ಪತ್ತಮೂರು ಥಪ್ಪಿಗಳನ್ನು ಕಿತ್ತು ಸಾಲು ಹಿಡಿಸಿ ಮತ್ತೆ ಒಟ್ಟಿಸಿದೆ. ಪ್ರತಿ ಥಪ್ಪಿಗೆ ಒಂದು ಸಂಖ್ಯೆ ಕೊಟ್ಟು, ಅದನ್ನೂ ಹೆಸರಿನ ಕೆಳಗೆ ಸುಣ್ಣದಲ್ಲಿ ಬರೆಸಿದೆ. ಸಾಲಿನ ತುದಿಯಿಂದ ಒಂದು, ಎರಡು ಎಂದು ಕೊಟ್ಟಿದ್ದರೆ ಚೆನ್ನಾಗಿತ್ತು. ನಾನು ಗಿರಾಕಿಗಳ ಹೆಸರಿನ ಅಕಾರಾದಿಯಲ್ಲಿ ಸಂಖ್ಯೆ ಕೊಟ್ಟೆ. ಹೀಗಾಗಿ ಹದಿನೇಳರ ಪಕ್ಕ ನಾಲ್ಕು, ನಾಲ್ಕರ ಪಕ್ಕ ಇಪ್ಪತ್ತೊಂದು ನಿಂತವು. ಹೆಸರು, ಸಂಖ್ಯೆ ಎರಡನ್ನೂ ವೈನಿ ಪೆಟ್ಟಿಗೆಗೆ ಊಡಿಸಿದರು. ಲಿನಕ್ಸ್ ಸರ್ವರನ್ನು ಆರಿಸುವ ಅಗತ್ಯವೇ ಇಲ್ಲ, ವರ್ಷಗಟ್ಟಲೆ ನಡೆಯುತ್ತದೆ ಎಂದು ನಾನು ಸಾರಿದ್ದರಿಂದ ಯಾರೂ ಅದನ್ನು ಆರಿಸಲಿಲ್ಲ. ಆರಿಸದ್ದರಿಂದ ಗುಪ್ತಪದವನ್ನು ಮತ್ತೆ ಯಾರೂ ಹೊಡೆಯಬೇಕಾಗಲಿಲ್ಲ. ಪಂಚಮಿ ಬಂತು. ವೈನಿ ಚಿಂಚೋಳಿ ಕಡೆಯ ತಮ್ಮ ತವರಿಗೆ ಹೋದರು.

ಮುಂದಿನ ಸೋಮವಾರವೇ ನಾನು ಹೇಳಿದ ಸೋಮವಾರ. ಹಿಂದಿನ ದಿನ ನಾನು ತಂತ್ರಾಂಶದ ಕೈಪಿಡಿಯಲ್ಲಿ ಒಂದು ವಾಕ್ಯ ಓದಿದ್ದೆ. ಒಂದೇ ಮಾಹಿತಿ ಎರಡು ಕಡೆ ಇರಬಾರದು, ಇದ್ದರೆ ಗೊಂದಲ. ಅಂಗಳಕ್ಕೆ ಬಂದು ನೋಡಿದರೆ ಮಾಹಿತಿ ಎರಡು ಕಡೆ ಇತ್ತು. ಒಂದು ಪೆಟ್ಟಿಗೆಯಲ್ಲಿ, ಇನ್ನೊಂದು ಕಲ್ಲಿನ ಮೇಲೆ.

“ಮಾಸ್ತರ್, ಸುಣ್ಣ ಅಳಸಬ್ಯಾಡ್ರಿ” ಎಂದರು ಮಸ್ತಾನ್‌ಸಾಬ್.

“ಹೆಸರೂ ಒಳಗದ, ನಂಬರೂ ಒಳಗದ. ಹೊರಗ ಯಾಕ ಬೇಕು?”

“ಕಲ್ಲು ಹೊರಗ ಅದಾವಲ್ರಿ.”

ಈ ವಾಕ್ಯದ ತೂಕ ನನಗೆ ಆಗ ತಿಳಿಯಲಿಲ್ಲ. ಪಾಲಿಶ್ ಯಂತ್ರಕ್ಕೆ ನೀರು ಬಿಡುವ ಪೈಪನ್ನು ನಾನೇ ಎಳೆದು ತಂದೆ. ಒಂದೊಂದೇ ಥಪ್ಪಿಯ ಮುಖ ತೊಳೆದೆ. ಬೇವಿನ ಗಿಡದ ಕೆಳಗಿನ ಥಪ್ಪಿಯ ಮೇಲೆ ಹಿರಿಯರೊಬ್ಬರು ಎಲೆ-ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರು. “ಕಾಲು ತುಸು ಮ್ಯಾಲ ಎತ್ರಿ ಯಜಮಾನ್ರೇ” ಎಂದೆ. ಅವರು ಎತ್ತಿದರು. ಅಲ್ಲಿಯೂ ಚೆನ್ನಾಗಿ ತೊಳೆದೆ. ಆಗ ಹನ್ನೊಂದು ಗಂಟೆ ಹತ್ತು ನಿಮಿಷ.

ಹನ್ನೊಂದೂವರೆಗೆ ಇಪ್ಪತ್ತಮೂರು ಥಪ್ಪಿಗಳೂ ಆಗ ತಾನೆ ಹುಟ್ಟಿದ ಕೂಸುಗಳಂತೆ ಹೊಳೆಯುತ್ತಿದ್ದವು. ಪೈಪನ್ನು ನೆಲಕ್ಕೆ ಬಿಟ್ಟು ಚಹಾ ಕುಡಿಯಲು ಹೋದೆ. ನಲ್ಲಿ ನಿಲ್ಲಿಸಬೇಕಿತ್ತು. ನೀರು ಹರಿದು ಪಾಲಿಶ್ ಯಂತ್ರದ ಸ್ವಿಚ್ಚಿನ ಬುಡಕ್ಕೆ ಹೋಯಿತು. ಫಟ್ ಎಂದಿತು. ಇಡೀ ಕಾರ್ಖಾನೆಯ ಕರೆಂಟು ಹೋಯಿತು.

“ಪೆಟ್ಟಿಗಿ ಒದರ್ಲಿಕತ್ತದ್ರಿ” ಎಂದು ಯಾರೋ ಕೂಗಿದರು. ಒದರುತ್ತಿದ್ದದ್ದು ಅದರ ಬ್ಯಾಟರಿ. ಅದು ಹತ್ತು ನಿಮಿಷ ಒದರಿ ಸುಮ್ಮನಾಯಿತು. ಫ್ಯೂಸು ಹಾಕಿ ಕರೆಂಟು ಬಂದಾಗ ಹನ್ನೆರಡು ದಾಟಿತ್ತು. ಪೆಟ್ಟಿಗೆ ಎದ್ದಿತು. ಕಪ್ಪು ಪರದೆಯ ಮೇಲೆ ಬಹಳ ಸಭ್ಯವಾಗಿ ಗುಪ್ತಪದ ಕೇಳಿತು.

ಅದೇ ಹೊತ್ತಿಗೆ ಗೇಟಿನಲ್ಲಿ ಎರಡು ಟ್ರ್ಯಾಕ್ಟರ್ ಬಂದು ನಿಂತವು. ಬೇವಿನ ಗಿಡದ ಕೆಳಗಿನ ಹಿರಿಯರು ಎದ್ದು ಕಚೇರಿಗೆ ಬಂದರು. ಅವರು ಸೇಡಂ ತಾಲ್ಲೂಕಿನ ಆಡಕಿಯ ಬಸವಂತಪ್ಪ. ಹಿಂದಿನ ತಿಂಗಳು ಮೂರು ದಿನ ಇಲ್ಲೇ ಇದ್ದು, ಕಲ್ಲಿನ ಮೇಲೆ ಕೈಯಾಡಿಸಿ, ಒಂದೇ ನೀಲಿಯ ಫರ್ಸಿಗಳನ್ನು ಒಂದೊಂದಾಗಿ ಆರಿಸಿ ತೆಗೆದಿಟ್ಟು ಹೋಗಿದ್ದರು.

“ಕಲ್ಲು ಒಯ್ಲಿಕ್ಕ ಬಂದೀನ್ರಿ ಸಾಹುಕಾರ್ರೆ. ಗುರುವಾರ ಮನಿ ವಾಸ್ತು ಅದ. ಪಡಸಾಲಿ ಒಂದು ಉಳದದ. ಕಲ್ಲು ಹಾಸೋ ಗೌಂಡೇರು ಬಂದು ಕುಂತಾರ.”

ಶರಣಪ್ಪ ನನ್ನ ಮುಖ ನೋಡಿದ. ನಾನು ಮಸ್ತಾನ್‌ಸಾಬರ ಮುಖ ನೋಡಿದೆ.

“ನನಗೇನ್ ಕೇಳ್ತೀರಿ? ಹಳೇ ಜಾಗಾದಾಗ ಇದ್ದರ ಹೇಳತಿದ್ದೆ. ನೀವೇ ಕಿತ್ತಿಸಿ ಸಾಲು ಹಿಡಿಸಿದ್ರಿ. ನೆನಪಿಡೂದೇ ಇದ್ದರ ಸುಣ್ಣ ಯಾಕ ಹಚ್ಚತಿದ್ದೆ?”

“ಕುಂದ್ರಿ ಯಜಮಾನ್ರೇ” ಎಂದೆ ನಾನು ಬಸವಂತಪ್ಪನವರಿಗೆ. “ಯಾವ ಥಪ್ಪಿ ನಿಮ್ಮದು ಅಂತ ಪೆಟ್ಟಿಗಿ ಹೇಳ್ತದ. ಹೇಳಿದ ಮ್ಯಾಲ ಒಯ್ಯೀರಂತ.”

ಅವರು ತಲೆಯಾಡಿಸಿ ಹೋಗಿ ಮತ್ತೆ ಬೇವಿನ ಕೆಳಗೆ ಕುಳಿತರು.

ವೈನಿಯ ತವರಿನ ಪಕ್ಕದ ಮನೆಗೆ ಫೋನು ಹಚ್ಚಿದೆವು. ಕಚೇರಿಯ ಫೋನಿನಲ್ಲಿ ಎಲ್ಲರಿಗೂ ಕೇಳುವ ಸೌಲಭ್ಯವಿತ್ತು. ಅದನ್ನು ಒತ್ತಿದ್ದು ನಾನೇ.

“ವೈನಿ, ಆ ಗುಪ್ತಪದ ತುಸು ಹೇಳ್ತೀರೇನು?”

“ಯಾರಿಗೂ ಹೇಳಬ್ಯಾಡ ಅಂದಿದ್ರಿ.”

“ನನಗ ಹೇಳಬಹುದು.”

“ನಿಮ್ಮ ಮುಂದಂತೂ ಹೇಳಂಗೇ ಇಲ್ಲ.”

“ಯಾಕ್ರಿ?”

“ಹೇಳೋ ಹೆಸರಲ್ಲ ಅದು. ಇಲ್ಲಿ ದೊಡ್ಡಪ್ಪಾವ್ರು ಕುಂತಾರ. ಇಡ್ತೀನ್ರಿ.”

ಇಟ್ಟರು. ಮತ್ತೆ ಹಚ್ಚಿದರೆ ಆ ಲೈನು ಸತ್ತಿತ್ತು.

ಶರಣಪ್ಪ ನಕ್ಕ. “ತಿಳೀಲಿಲ್ಲೇನೋ ಗುರ್ಯಾ? ಹೆಣ್ಮಕ್ಕಳು ಹೇಳಲಾರದ ಹೆಸರು ಯಾರದು? ಗಂಡಂದು. ಹೊಡಿ ನನ್ನ ಹೆಸರು.” ಅವನು ಎದೆ ಮುಂದೆ ಮಾಡಿ ನಿಂತ. ನಾನು ಹೊಡೆದೆ. ಪೆಟ್ಟಿಗೆ ಒಪ್ಪಲಿಲ್ಲ. ಅಡ್ಡಹೆಸರು ಸೇರಿಸಿ ಹೊಡೆದೆ. ಒಪ್ಪಲಿಲ್ಲ.

ನಾನು ಶಾಸ್ತ್ರೀಯವಾಗಿ ಮುಂದುವರಿದೆ. ಸೊಸೆಯಾದವಳು ಹೆಸರು ಹೇಳಬಾರದವರ ಪಟ್ಟಿ ಮಾಡಿದೆ. ಮಾವ, ಅತ್ತೆ, ಭಾವ, ದೊಡ್ಡ ಮಾವ, ಮಾವನ ತಂದೆ. ಒಬ್ಬೊಬ್ಬರ ಹೆಸರನ್ನೂ ಶರಣಪ್ಪ ಭಕ್ತಿಯಿಂದ ಉಚ್ಚರಿಸಿದ. ಪೆಟ್ಟಿಗೆ ಅವನ ಇಡೀ ವಂಶವನ್ನು ತಿರಸ್ಕರಿಸಿತು.

ಆಗ ಅವನು ಕುರ್ಚಿಯಲ್ಲಿ ಕುಳಿತ. ನಗು ಹೋಗಿತ್ತು. ದನಿ ತಗ್ಗಿಸಿ ಕೇಳಿದ. “ಗುರುರಾಜಾ, ಗಂಡಂದೂ ಅಲ್ಲ, ಮಾವಂದೂ ಅಲ್ಲ. ಇನ್ನ್ಯಾರ ಹೆಸರು ಹೇಳಬಾರದು ಹೆಣ್ಮಗಳು?”

ನಿಖರವಾಗಿ ಮಾತಾಡುವುದು ನನ್ನ ಸ್ವಭಾವ. “ತಾತ್ವಿಕವಾಗಿ ನೋಡಿದರ ಯಾರದೂ ಇರಬಹುದು” ಎಂದೆ.

ಆ ದಿನ ನಾನು ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದೆಂದು ನನ್ನ ಹೆಂಡತಿ ಸುಧಾ ಹೇಳುತ್ತಾಳೆ. ಶರಣಪ್ಪ ಎದ್ದು, ಜೀಪು ಹತ್ತಿ, ಚಿಂಚೋಳಿ ದಿಕ್ಕಿಗೆ ಹೊಡೆದ. ಹನ್ನೆರಡು ಗಂಟೆ ನಲವತ್ತು ನಿಮಿಷ.

ಮುಂದಿನ ಐದು ತಾಸುಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ನಾನು ಪೆಟ್ಟಿಗೆಯ ಮುಂದೆ ಕುಳಿತು ದೇವರುಗಳ ಹೆಸರು ಹೊಡೆದೆ. ಮಸ್ತಾನ್‌ಸಾಬ್ ಸುಣ್ಣದ ಡಬ್ಬಿಯನ್ನು ನನಗೆ ಕಾಣುವ ಹಾಗೆ ಕಟ್ಟೆಯ ಮೇಲೆ ಇಟ್ಟು, ಅದರ ಪಕ್ಕದಲ್ಲಿ ತಾವೂ ಕುಳಿತರು. ಬಸವಂತಪ್ಪನವರಿಗೆ ಮೂರು ಸಲ ಚಹಾ ಕಳಿಸಿದೆ. ಒಂದು ಸಲ ಅವರೇ ಕಿಟಕಿಯ ಹತ್ತಿರ ಬಂದು “ಏನಂತರಿ ಪೆಟ್ಟಿಗಿ?” ಎಂದು ಕೇಳಿದರು.

“ಇನ್ನೊಂದು ತುಸು ತಡೀರಿ.”

“ತಡೀತೀನ್ರಿ. ಕತ್ತಲಾಗೂದ್ರಾಗ ಸೇಡಂ ದಾಟಿದ್ರ ಸಾಕು. ಒಂದು ಟ್ರ್ಯಾಕ್ಟರಿಗೆ ಲೈಟ್ ಇಲ್ಲ.”

ಮಧ್ಯಾಹ್ನ ಮೂರಕ್ಕೆ ಮನೆಗೆ ಫೋನು ಮಾಡಿ ಊಟಕ್ಕೆ ಬರುವುದಿಲ್ಲ ಎಂದೆ.

“ಪೆಟ್ಟಿಗಿ ಬಿಡವಲ್ದೇನು?” ಎಂದಳು ಸುಧಾ.

“ಒಳಗ ಬಿಟ್ಟುಕೊಳ್ಳವಲ್ದು.”

“ಶ್ಯಾಣ್ಯಾ ಅದ. ನಮ್ಮಪ್ಪಗ ಅಷ್ಟು ಬುದ್ಧಿ ಇರಲಿಲ್ಲ.”

ಸರಿಯಾಗಿ ಐದು ಗಂಟೆ ನಲವತ್ತಕ್ಕೆ ಜೀಪು ಬಂದಿತು. ಶರಣಪ್ಪ ಇಳಿದ. ಆಚೆ ಕಡೆಯಿಂದ ವೈನಿ ಇಳಿದರು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಿಲ್ಲವೆಂಬುದು ಇಳಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ವೈನಿ ಸೀದಾ ಕಚೇರಿಗೆ ಬಂದು ಕುಳಿತರು. ಹಿಂದೆಯೇ ಶರಣಪ್ಪ, ಮಸ್ತಾನ್‌ಸಾಬ್, ಬಸವಂತಪ್ಪ, ಇಬ್ಬರು ಟ್ರ್ಯಾಕ್ಟರ್ ಡ್ರೈವರುಗಳು, ಪಾಲಿಶ್ ಕೆಲಸದ ಐವರು ಹೆಂಗಸರು ಬಂದರು.

“ಎಲ್ಲಾರೂ ಬೆನ್ನು ತಿರುಗಸ್ರಿ. ಮಾಸ್ತರೇ ಹೇಳ್ಯಾರ, ನೋಡಬಾರದಂತ” ಎಂದರು ವೈನಿ.

ನಾವು ಹನ್ನೊಂದು ಜನರೂ ಗೋಡೆಗೆ ಮುಖ ಮಾಡಿದೆವು. ನನ್ನ ಪಾಲಿಗೆ ಅದೇ ಕ್ಯಾಲೆಂಡರು ಬಂದಿತು. ನೋಡಬಾರದೆಂದು ನಾನು ಕಲಿಸಿದ್ದೆ. ಹೊಡೆಯುವಾಗ ಬಾಯಲ್ಲಿ ಅನ್ನಬಾರದೆಂದು ಕಲಿಸಿರಲಿಲ್ಲ. ವೈನಿಯದು ಟೈಪಿಂಗ್ ಶಾಲೆಯ ಅಭ್ಯಾಸ. ಬಾಯಲ್ಲಿ ಅನ್ನದೆ ಅವರ ಬೆರಳು ಓಡುವುದಿಲ್ಲ. ಮೆಲ್ಲಗೇ ಅಂದರು. ಆದರೆ ಕಚೇರಿ ಸಣ್ಣದು, ಹನ್ನೊಂದು ಮಂದಿ ಉಸಿರು ಹಿಡಿದ ಹೊತ್ತು.

“ಕಾಗಿಣಾ ಹೊಳಿಗೆ ನೀಲಿ ಕಲ್ಲಿನ ಪಾವಟಿಗಿ, ಶರಣಪ್ಪನವರ ಹೆಸರು ಹೇಳ್ತೀನಿ, ತೆರಿ ನಿನ್ನ ಪೆಟ್ಟಿಗಿ.”

ಒಡಪು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದಾಗಿ ಹೇಳುವುದಿಲ್ಲ. ಹೇಳಲೇಬೇಕಾಗಿ ಬಂದರೆ ಹೀಗೆ ಎರಡು ಸಾಲಿನ ಪ್ರಾಸದಲ್ಲಿ ಸುತ್ತಿ ಹೇಳುತ್ತಾರೆ. ವೈನಿ ಆ ಹೆಸರನ್ನು ಕಂಪ್ಯೂಟರಿಗೂ ಬರಿದಾಗಿ ಕೊಟ್ಟಿರಲಿಲ್ಲ.

ಕೋಣೆಯಲ್ಲಿ ಯಾರೂ ತಿರುಗಲಿಲ್ಲ. ನಾನು ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದೆ. ಶರಣಪ್ಪ ಗೋಡೆಯ ಮೊಳೆಯನ್ನು ದಿಟ್ಟಿಸುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು.

“ಬರೇ ಹೆಸರು ಹ್ಯಾಂಗ ಹೊಡೀಬೇಕ್ರಿ?” ಎಂದರು ವೈನಿ, ಯಾರೂ ಕೇಳದಿದ್ದರೂ. “ಫೋನಿನಾಗ ದೊಡ್ಡಪ್ಪಾವ್ರ ಮುಂದ ಒಡಪು ಹಾಕ್ತಾ ನಿಂದ್ರಲೇನು? ಇವರು ನೋಡಿದ್ರ, ಬಂದವರೇ ಜೀಪಿನಾಗ ಹತ್ತು ಅಂದ್ರು. ಹಬ್ಬದ ಉಂಡಿ ಸುದ್ದಾ ಕಟಗೊಂಡು ಬರಲಿಲ್ಲ.”

“ಮತ್ತ ಹೋಗಿ ತರೋಣಂತ” ಎಂದ ಶರಣಪ್ಪ, ಮೊಳೆಗೆ.

ಪೆಟ್ಟಿಗೆ ತೆರೆದಿತ್ತು. ನನ್ನಲ್ಲಿ ಜೀವ ಬಂದಿತು. ನಾನು ಕುರ್ಚಿಯಲ್ಲಿ ಕುಳಿತು, ಹುಡುಕುವ ಜಾಗದಲ್ಲಿ ಬಸವಂತಪ್ಪನವರ ಹೆಸರು ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂದಿತು. ಇದಕ್ಕಾಗಿಯೇ ಅಲ್ಲವೇ ಮನುಷ್ಯ ವಿಜ್ಞಾನ ಕಟ್ಟಿದ್ದು? ನಾನು ಎದ್ದು ನಿಂತು, ತರಗತಿಯ ದನಿಯಲ್ಲಿ ಓದಿದೆ.

“ಬಸವಂತಪ್ಪ, ಊರು ಆಡಕಿ. ಥಪ್ಪಿ ಸಂಖ್ಯೆ ಹದಿನಾಲ್ಕು.”

“ಭಾಳ ಛಲೋ ಆತು” ಎಂದರು ಮಸ್ತಾನ್‌ಸಾಬ್. ಅವರು ಕಿಟಕಿಯಿಂದ ಅಂಗಳ ನೋಡುತ್ತಿದ್ದರು. “ಹದಿನಾಲ್ಕು ಯಾವುದ್ರಿ ಮಾಸ್ತರ್?”

ನಾನೂ ನೋಡಿದೆ. ಇಪ್ಪತ್ತಮೂರು ಥಪ್ಪಿ. ಸಂಜೆಯ ಬಿಸಿಲಿನಲ್ಲಿ ಇಪ್ಪತ್ತಮೂರೂ ಸ್ವಚ್ಛ. ಒಂದರ ಮೇಲೂ ಒಂದು ಗೀಟು ಇಲ್ಲ.

ಆಗ ಎಷ್ಟು ಗಂಟೆಯಾಗಿತ್ತೆಂದು ನಾನು ಗಡಿಯಾರ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಮೂರು ದಿನ ಕೈಯಾಡಿಸಿ ಆರಿಸಿದ ಕಲ್ಲು, ಗುರುವಾರದ ವಾಸ್ತು, ಲೈಟಿಲ್ಲದ ಟ್ರ್ಯಾಕ್ಟರು, ನನ್ನ ಗೆಳೆಯ ಕೊಟ್ಟ ಮಾತು, ಎಲ್ಲವೂ ಆ ಅಂಗಳದಲ್ಲಿ ಸಾಲು ಹಿಡಿದು ನಿಂತಿದ್ದವು. ಸಾಲು ಹಿಡಿಸಿದವನು ನಾನು.

“ಹಂಗಾದ್ರ ಪೆಟ್ಟಿಗಿ ಹೂಂ ಅಂತೇನ್ರಿ?” ಎಂದು ಬಸವಂತಪ್ಪ ಕೇಳಿದರು.

“ಅಂತು ಯಜಮಾನ್ರೇ. ಆದ್ರ ಯಾವ ಥಪ್ಪಿ ಅಂತ…”

“ಯಾವ ಥಪ್ಪಿ ಏನ್ರಿ? ನಾ ಕುಂತಿದ್ನಲ್ಲ, ಅದೇ. ಏ ತಮ್ಮಾ, ಟ್ರ್ಯಾಕ್ಟರ್ ಬೇವಿನಗಿಡದ ಕಡಿ ಹೊಳ್ಳಿಸು.”

ನಾನು ಅವರ ದಾರಿಗೆ ಅಡ್ಡ ನಿಂತೆ.

“ನಿಮಗ ಮದಲೇ ಗೊತ್ತಿತ್ತೇನು?”

“ಮೂರು ದಿನ ಕೈಯಾಡಿಸಿದ ಕಲ್ಲು ಗೊತ್ತಾಗೂದಿಲ್ಲೇನ್ರಿ? ಮುಂಜಾನೆ ಬಂದವನೇ ಹುಡುಕಿ ಅದರ ಮ್ಯಾಲೇ ಕುಂತೆ. ಇನ್ನ್ಯಾರದರ ಮ್ಯಾಲ ಕುಂದ್ರಲಿ? ನೀವೇ ಬಂದು ನನ್ನ ಕಾಲು ಎತ್ತಿಸಿ ನನ್ನ ಹೆಸರು ತೊಳದ್ರಿ.”

“ಮತ್ತ ಮುಂಜಾನಿಂದ ಹೇಳ್ಲಿಲ್ಲಲ್ರಿ?”

ಬಸವಂತಪ್ಪ ನನ್ನನ್ನು ಕನಿಕರದಿಂದ ನೋಡಿದರು. “ಪೆಟ್ಟಿಗಿ ಹೇಳಿದ ಮ್ಯಾಲ ಒಯ್ಯಿ ಅಂದ್ರಿ, ಕುಂತೆ. ಕಚೇರಿ ಅಂದ ಮ್ಯಾಲ ಹಂಗೇ ಅಲ್ರಿ? ನನ್ನ ಹೊಲ ಎಲ್ಲಿ ಅದ ಅಂತ ನನಗ ಗೊತ್ತಿಲ್ಲೇನು? ಆದ್ರೂ ಪಹಣಿ ಕೊಡೂತನಾ ತಹಸೀಲಿನಾಗ ಕುಂದ್ರೂದಿಲ್ಲೇನು? ಇಲ್ಲಿ ಒಂದೇ ದಿನಕ್ಕ ಮುಗೀತು. ಮ್ಯಾಲ ಮೂರು ಚಹಾ.”

ಎಲ್ಲರೂ ಕೈಹಚ್ಚಿ ಕಲ್ಲು ಹೇರಿದರು. ನಾನೂ ಒಂದು ಎತ್ತಿದೆ. ಅದು ಒಡೆಯಿತು. ಆಮೇಲೆ ನನ್ನನ್ನು ಕಟ್ಟೆಯ ಮೇಲೆ ಸುಣ್ಣದ ಡಬ್ಬಿಯ ಪಕ್ಕ ಕೂಡಿಸಿದರು. ಕತ್ತಲಾಗುವ ಮೊದಲು ಟ್ರ್ಯಾಕ್ಟರುಗಳು ಗೇಟು ದಾಟಿದವು, ಲೈಟಿಲ್ಲದ್ದು ಇನ್ನೊಂದರ ಬೆನ್ನಿಗೆ.

ಉಳಿದ ಇಪ್ಪತ್ತೆರಡು ಥಪ್ಪಿಗಳ ಮಾಲೀಕರು ಒಬ್ಬೊಬ್ಬರಾಗಿ ಬಂದು, ನೋಡಿ, ಮುಟ್ಟಿ, ಎರಡು ಸಲ ಜಗಳಾಡಿ ತಮ್ಮದನ್ನು ಗುರುತಿಸಿದರು. ಮಸ್ತಾನ್‌ಸಾಬ್ ಮತ್ತೆ ಸುಣ್ಣ ಹಚ್ಚಿದರು. ಲಿನಕ್ಸಿನಲ್ಲಿ ಪೆಟ್ಟಿಗೆ ಏಳುವಾಗಲೇ ಒಂದು ಪದ ಹೊಡೆದರೆ ಗುಪ್ತಪದವಿಲ್ಲದೆ ಒಳಗೆ ಹೋಗಬಹುದೆಂದು ನಾಲ್ಕು ತಿಂಗಳ ನಂತರ ಓದಿದೆ. ಅದು ಅದೇ ಕೈಪಿಡಿಯ ಮುಂದಿನ ಪುಟದಲ್ಲಿತ್ತು. ಶರಣಪ್ಪನಿಗೆ ನಾನು ಇದನ್ನು ಇನ್ನೂ ಹೇಳಿಲ್ಲ.

ಗುಪ್ತಪದ ಮಾತ್ರ ನಿಜಕ್ಕೂ ಮುಕ್ತವಾಯಿತು. ಪಾಲಿಶ್ ಕೆಲಸದ ಐವರು ಅದನ್ನು ತಮ್ಮ ತಮ್ಮ ಊರಿಗೆ ಒಯ್ದರು. ಶಹಾಬಾದಿನಿಂದ ಚಿಂಚೋಳಿವರೆಗೆ ಬಸುರಿಯ ಕುಬಸ, ತೊಟ್ಟಿಲು, ಮದುವೆಗಳಲ್ಲಿ ಹೆಂಗಸರು ತಮ್ಮ ಗಂಡನ ಹೆಸರು ಸೇರಿಸಿ ಅದೇ ಒಡಪು ಹಾಕುತ್ತಾರೆ. ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು. ಸುಧಾ ಕೂಡ ಒಂದು ಕುಬಸದಲ್ಲಿ ಹಾಕಿದಳು. ಕೊನೆಯ ಸಾಲನ್ನು ‘ಅವರಿಗೆ ಕೊಡಬ್ಯಾಡ್ರಿ ಪೆಟ್ಟಿಗಿ’ ಎಂದು ತಿದ್ದಿದ್ದಾಳೆ.

ಬಸವಂತಪ್ಪ ಈಗ ಇಲ್ಲ. ಅವರ ಪಡಸಾಲೆಯಲ್ಲಿ ನಾನು ಎರಡು ಸಲ ಊಟ ಮಾಡಿದ್ದೇನೆ. ಎರಡೂ ಸಲ ಅವರು ನೆಲ ತಟ್ಟಿ, “ಕುಂದ್ರಿ ಮಾಸ್ತರ್, ಇದಕ್ಕ ಪೆಟ್ಟಿಗಿ ಹೂಂ ಅಂದದ” ಎಂದರು. ಟ್ರ್ಯಾಕ್ಟರಿನವರಲ್ಲಿ ಒಬ್ಬರು ಸೇಡಂನಲ್ಲಿದ್ದಾರೆ. ಪಾಲಿಶ್ ಕೆಲಸದವರಲ್ಲಿ ಯಲ್ಲಮ್ಮ ಮತ್ತು ಖಾಜಾಬಿ ವಾಡಿಯಲ್ಲಿದ್ದಾರೆ. ಮಸ್ತಾನ್‌ಸಾಬರಿಗೆ ಕಣ್ಣು ಮಂದವಾಗಿದೆ, ನೆನಪು ದುರದೃಷ್ಟವಶಾತ್ ಚೆನ್ನಾಗಿದೆ. ಶರಣಪ್ಪನೂ ಗೌರಮ್ಮ ವೈನಿಯೂ ಸುಖವಾಗಿದ್ದಾರೆ. ನನ್ನ ಮಾತಿನಲ್ಲಿ ಅನುಮಾನವಿದ್ದರೆ ಇವರನ್ನು ಕೇಳಬಹುದು. ನಾನೂ ಬದುಕಿದ್ದೇನೆ. ಆದರೆ ನನ್ನ ಸಾಕ್ಷಿ ಹೆಚ್ಚು ನಡೆಯುವುದಿಲ್ಲ. ಪೆಟ್ಟಿಗೆ ತೆರೆದ ಹೊತ್ತಿನಲ್ಲಿ ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ.